ಕಿಟ್ ಜೋಡಿಸಿದ್ದು ಸಾಕು, ಮಕ್ಕಳಿಂದ ದೋಣಿ ಕಟ್ಟಿಸಿ

ಮಾನ್ಯ ಸಂಪಾದಕರೇ,

ಶಾಲಾ ವಿಜ್ಞಾನ ಮೇಳಗಳ ಕಾಲ ಬಂತೆಂದರೆ ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಮಕ್ಕಳು ತಯಾರಿಸಿದ ಮಾದರಿಗಳ ಚಿತ್ರಗಳು ಸಾಲುಗಟ್ಟಿ ಪ್ರಕಟವಾಗುತ್ತವೆ. ಕಪ್ಪು ಗೆರೆಯನ್ನು ಹಿಂಬಾಲಿಸುವ ಪುಟ್ಟ ಗಾಡಿ, ಕೈ ಅಡ್ಡ ಹಿಡಿದರೆ ನಿಲ್ಲುವ ರೋಬಾಟ್, ತಾನಾಗಿಯೇ ಮುಚ್ಚಳ ತೆರೆಯುವ ಕಸದ ಬುಟ್ಟಿ, ಮಣ್ಣು ಒಣಗಿದೊಡನೆ ನೀರು ಹಾಯಿಸುವ ಪಂಪು. ಊರಿನ ಹೆಸರು, ಸಮವಸ್ತ್ರದ ಬಣ್ಣ ಬದಲಾಗುತ್ತವೆಯೇ ಹೊರತು ಮಾದರಿಗಳು ಬದಲಾಗುವುದಿಲ್ಲ. ಪಾಲಿಟೆಕ್ನಿಕ್ ಒಂದರ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಇದರಲ್ಲಿ ಮಕ್ಕಳ ತಪ್ಪೇನೂ ಕಾಣುವುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಕಿಟ್‌ನ ಬಿಡಿಭಾಗಗಳನ್ನು ಕೈಪಿಡಿಯಲ್ಲಿ ಹೇಳಿದಂತೆ ಜೋಡಿಸಿ, ಅಂತರ್ಜಾಲದಲ್ಲಿ ಸಿಕ್ಕ ಪ್ರೋಗ್ರಾಮನ್ನು ಅದಕ್ಕೆ ತುಂಬಿದರೆ ಎಲ್ಲರಿಗೂ ಒಂದೇ ಗಾಡಿ ಸಿಗುತ್ತದೆ. ಬೇರೆ ಗಾಡಿ ಸಿಗಲು ಕಾರಣವೇ ಇಲ್ಲ.

ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ 2016ರಲ್ಲಿ ಆರಂಭವಾದಂದಿನಿಂದ ದೇಶದ ಶಾಲೆಗಳಲ್ಲಿ, ಮಕ್ಕಳು ಕೈಯಾರೆ ಮಾಡಿ ಕಲಿಯುವ 10 ಸಾವಿರ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ದೊರೆಯುತ್ತದೆ. ಮುಂದಿನ 5 ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50 ಸಾವಿರ ಪ್ರಯೋಗಾಲಯಗಳನ್ನು ತೆರೆಯುವುದಾಗಿ ಕೇಂದ್ರದ 2025–26ರ ಬಜೆಟ್ ಹೇಳಿದೆ. ಇಷ್ಟು ಹಣ ಕಿಟ್‌ಗಳನ್ನು ಕೊಂಡು ಕಪಾಟಿನಲ್ಲಿಡುವುದಕ್ಕೇ ಮುಗಿದುಹೋಗಬಾರದೆಂಬ ಕಾಳಜಿಯಿಂದ ಒಂದು ಸಲಹೆಯನ್ನು ಶಿಕ್ಷಣ ಇಲಾಖೆಯ ಮತ್ತು ಪ್ರಯೋಗಾಲಯಗಳ ಹೊಣೆ ಹೊತ್ತ ಶಿಕ್ಷಕರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳ ಪ್ರತಿ ತಂಡವೂ ವರ್ಷಕ್ಕೆ ಒಂದಾದರೂ ರಿಮೋಟ್‌ನಿಂದ ನಡೆಯುವ ವಿದ್ಯುತ್ ದೋಣಿಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಕಟ್ಟಲಿ. ಡ್ರೋನ್ ಬೇಡ, ರೋಬಾಟ್ ಬೇಡ ಎಂಬುದು ನನ್ನ ವಾದವಲ್ಲ. ಆದರೆ ಅವುಗಳಿಗಿಂತ ಮೊದಲು ದೋಣಿ ಬರಬೇಕು ಎಂಬುದು ಖಂಡಿತವಾಗಿ ನನ್ನ ಅಭಿಪ್ರಾಯ.

ತಾವೇ ಕಟ್ಟುವುದು ಎಂದರೆ ಎಲ್ಲಿಯವರೆಗೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಟ್ರಾನ್ಸ್‌ಮಿಟರ್, ರಿಸೀವರ್, ಬ್ಯಾಟರಿ, ಮೋಟರು, ಚುಕ್ಕಾಣಿಯನ್ನು ತಿರುಗಿಸುವ ಪುಟ್ಟ ಸಾಧನವಾದ ಸರ್ವೋ ಇವನ್ನು ಕೊಂಡು ತರುವುದರಲ್ಲಿ ಯಾವ ಅವಮಾನವೂ ಇಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ, ಅಂಚೆಯಲ್ಲಿಯೂ ಬರುತ್ತವೆ. ಕೊಳ್ಳಬಾರದದ್ದು ದೋಣಿಯ ಒಡಲು, ಪ್ರೊಪೆಲ್ಲರನ್ನು ತಿರುಗಿಸುವ ಸರಳು ಅಂದರೆ ಶಾಫ್ಟ್ ಹಾದುಹೋಗುವ ಕೊಳವೆ, ಚುಕ್ಕಾಣಿ ಮತ್ತು ಮೋಟರನ್ನು ಕೂರಿಸುವ ಪೀಠ. ಕಲಿಯಬೇಕಾದದ್ದೆಲ್ಲ ಈ ನಾಲ್ಕರಲ್ಲಿಯೇ ಇದೆ.

ರೇಡಿಯೊ ಅಲೆಗಳಿಂದ ದೂರದಲ್ಲಿ ನಿಂತು ನಡೆಸಿದ ಮೊದಲ ವಾಹನವೇ ಒಂದು ವಿದ್ಯುತ್ ದೋಣಿ ಎಂಬುದು ನಮ್ಮ ಶಿಕ್ಷಕರಲ್ಲಿ ಹಲವರಿಗೆ ತಿಳಿದಿರಲಾರದು. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯೊಂದರಲ್ಲಿ ಬ್ಯಾಟರಿಯಿಂದ ಓಡುವ ಪುಟ್ಟ ದೋಣಿಯನ್ನು ತಂತಿಯಿಲ್ಲದೆ ತಿರುಗಿಸಿ ತೋರಿಸಿದರು. ಅದೇ ವರ್ಷ ನವೆಂಬರ್ 8ರಂದು ಅವರಿಗೆ ಅದರ ಪೇಟೆಂಟ್ ದೊರೆಯಿತು. ಟ್ರಾನ್ಸಿಸ್ಟರ್ ಇರಲಿ, ರೇಡಿಯೊ ವಾಲ್ವ್ ಕೂಡ ಹುಟ್ಟಿರದ ಕಾಲ ಅದು. ಅಲೆ ತಾಗಿದಾಗ ಲೋಹದ ಪುಡಿ ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ ಹರಿಯಲು ಬಿಡುವ ಕೊಹೆರರ್ ಎಂಬ ಸಾಧನವೇ ಆ ದೋಣಿಯ ರಿಸೀವರ್ ಆಗಿತ್ತು. ನಮ್ಮ ಜಗದೀಶಚಂದ್ರ ಬೋಸರೂ ಆ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಗೋಡೆಯಾಚೆಯಿಂದ ರೇಡಿಯೊ ಅಲೆ ಕಳುಹಿಸಿ ಗಂಟೆ ಬಾರಿಸಿ ತೋರಿಸಿದ್ದರು. ಅಂದು ಪ್ರಪಂಚವೇ ಬೆರಗಾಗಿ ನೋಡಿದ್ದನ್ನು ಇಂದು ಕೆಲವು ಸಾವಿರ ರೂಪಾಯಿಗಳಲ್ಲಿ ಒಂದು ಶಾಲೆ ಮಾಡಬಹುದು.

ಇನ್ನು ದೋಣಿಯೇ ಏಕೆ ಎಂಬ ಪ್ರಶ್ನೆ. ಇಂದಿನ ಡ್ರೋನ್‌ನೊಳಗೆ ಕುಳಿತ ಪುಟ್ಟ ಕಂಪ್ಯೂಟರ್, ಕಟ್ಟಿದವನ ತಪ್ಪುಗಳನ್ನು ಸೆಕೆಂಡಿಗೆ ನೂರಾರು ಬಾರಿ ತಾನೇ ಸರಿಪಡಿಸುತ್ತಿರುತ್ತದೆ. ಒಂದು ತೋಳು ಸ್ವಲ್ಪ ಭಾರವಾಗಿದ್ದರೂ ಅದು ಮುಚ್ಚಿಹಾಕುತ್ತದೆ; ಮುಚ್ಚಿಹಾಕಲಾಗದಷ್ಟು ತಪ್ಪಿದ್ದರೆ ಯಂತ್ರ ನೆಲಕ್ಕೆ ಬಿದ್ದು ಚೂರಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಹುಡುಗನಿಗೆ ಕಾರಣ ಕಾಣುವುದಿಲ್ಲ. ದೋಣಿ ಹಾಗಲ್ಲ. ಬ್ಯಾಟರಿಯನ್ನು ಅರ್ಧ ಅಂಗುಲ ಬಲಕ್ಕೆ ಇಟ್ಟರೆ ದೋಣಿ ಬಲಕ್ಕೆ ವಾಲುತ್ತದೆ, ಎಡಕ್ಕೆ ಸರಿಸಿದರೆ ನೆಟ್ಟಗಾಗುತ್ತದೆ. ತಪ್ಪು ಕಣ್ಣೆದುರೇ ಇರುತ್ತದೆ, ಅದನ್ನು ತಿದ್ದುವಷ್ಟು ಸಮಯವೂ ಇರುತ್ತದೆ.

ಪಠ್ಯಪುಸ್ತಕದ ಆರ್ಕಿಮಿಡಿಸ್ ತತ್ತ್ವವನ್ನು ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅದನ್ನು ಉಪಯೋಗಿಸುವ ಪ್ರಸಂಗ ಬರುವುದೇ ಇಲ್ಲ. 60 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಾಕಾರದ ಒಡಲು ನೀರಿನಲ್ಲಿ 3 ಸೆಂಟಿಮೀಟರ್ ಮುಳುಗಿದರೆ ಅದು ಬದಿಗೆ ಸರಿಸುವ ನೀರು 3,240 ಘನ ಸೆಂಟಿಮೀಟರ್. ಅಂದರೆ ಅಷ್ಟು ಮುಳುಗುವಂತೆ ಮಾಡಲು ದೋಣಿಯ ಒಟ್ಟು ತೂಕ 3 ಕಿಲೋ 240 ಗ್ರಾಂ ಇರಬೇಕು. ಹಲಗೆ ಕತ್ತರಿಸುವುದಕ್ಕೆ ಮುಂಚೆಯೇ ಮೋಟರು, ಬ್ಯಾಟರಿ, ಪ್ಲೈವುಡ್ ಎಲ್ಲವನ್ನೂ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ, ನೀರಿನ ಗೆರೆ ಎಲ್ಲಿ ಬರುತ್ತದೆಂದು ಒಡಲಿನ ಚಿತ್ರದ ಮೇಲೆ ಪೆನ್ಸಿಲಿನಲ್ಲಿ ಎಳೆಯಲು ಹುಡುಗಿಯೊಬ್ಬಳಿಗೆ ಹೇಳಿ ನೋಡಿ. ಕಟ್ಟಿ ಮುಗಿಸಿದ ದೋಣಿಯನ್ನು ಬಟ್ಟೆ ಒಗೆಯುವ ಟಬ್ಬಿನಲ್ಲಿ ಇಳಿಸಿದಾಗ ಅವಳು ಮೊದಲು ನೋಡುವುದು ಆ ಗೆರೆಯನ್ನೇ. ನೀರು ಗೆರೆಯ ಹತ್ತಿರ ಬಂದು ನಿಂತರೆ ಆ ಪಾಠ ಅವಳಿಗೆ ಜನ್ಮಕ್ಕೆ ಮರೆಯುವುದಿಲ್ಲ.

ತೇಲುವುದು ಒಂದಾದರೆ ಮಗುಚದೆ ತೇಲುವುದು ಇನ್ನೊಂದು, ಮತ್ತು ಈ ಎರಡನೆಯದು ನಮ್ಮ ಶಾಲಾ ಪುಸ್ತಕಗಳಲ್ಲಿ ಇಲ್ಲವೇ ಇಲ್ಲವೆನ್ನಬೇಕು. ದೋಣಿ ವಾಲಿದಾಗ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಬಲ ಎಲ್ಲಿಂದ ಬರುತ್ತದೆ ಎಂಬುದಕ್ಕೆ 1746ರಲ್ಲಿ ಫ್ರಾನ್ಸಿನ ಪಿಯರ್ ಬುಗೆ ಒಂದು ಲೆಕ್ಕ ಕೊಟ್ಟರು. ಮೆಟಾಸೆಂಟರ್ ಎಂಬ ಒಂದು ಕಾಲ್ಪನಿಕ ಬಿಂದುವಿಗಿಂತ ಕೆಳಗೆ ದೋಣಿಯ ಭಾರಕೇಂದ್ರವಿದ್ದರೆ ಅದು ತಾನಾಗಿ ನೆಟ್ಟಗಾಗುತ್ತದೆ, ಮೇಲಿದ್ದರೆ ಮಗುಚುತ್ತದೆ. ಪೆಟ್ಟಿಗೆಯಾಕಾರದ ಒಡಲಿಗೆ ಇದನ್ನು ಹೈಸ್ಕೂಲಿನ ಗಣಿತದಲ್ಲಿಯೇ ಲೆಕ್ಕ ಹಾಕಬಹುದು: ಮುಳುಗಿದ ಆಳದ ಅರ್ಧಕ್ಕೆ, ಅಗಲದ ವರ್ಗವನ್ನು ಆಳದ 12 ಪಟ್ಟಿನಿಂದ ಭಾಗಿಸಿ ಬಂದದ್ದನ್ನು ಕೂಡಿಸಿದರೆ ತಳದಿಂದ ಆ ಬಿಂದುವಿನ ಎತ್ತರ ಸಿಗುತ್ತದೆ. ಮೇಲೆ ಹೇಳಿದ ದೋಣಿಗೆ ಇದು 10.5 ಸೆಂಟಿಮೀಟರ್. ಅದೇ ಉದ್ದ, ಅದೇ ತೂಕ ಇಟ್ಟುಕೊಂಡು ಚೆಂದ ಕಾಣಲೆಂದು ಅಗಲವನ್ನು 12 ಸೆಂಟಿಮೀಟರಿಗೆ ಇಳಿಸಿದರೆ ದೋಣಿ 4.5 ಸೆಂಟಿಮೀಟರ್ ಮುಳುಗುತ್ತದೆ, ಬಿಂದು 4.9 ಸೆಂಟಿಮೀಟರಿಗೆ ಕುಸಿಯುತ್ತದೆ. ಮಕ್ಕಳು ಯುದ್ಧನೌಕೆಯ ಚಿತ್ರ ನೋಡಿ ಕಟ್ಟುವ, ಮೇಲೆ ಗೋಪುರ, ಫಿರಂಗಿಗಳನ್ನು ಹೊತ್ತ ಕಿರಿದಾದ ಮಾದರಿಗಳು ನೀರಿಗಿಳಿಸಿದೊಡನೆ ಮಲಗಿಬಿಡುವುದಕ್ಕೆ ಇದೇ ಕಾರಣ. ಮೂತಿಯನ್ನು ಚೂಪು ಮಾಡಿದಾಗ, ತಳವನ್ನು ದುಂಡಗೆ ಮಾಡಿದಾಗ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ಮೊದಲ ದೋಣಿ ಅಗಲವಾದ, ಚಪ್ಪಟೆ ತಳದ ದೋಣಿಯೇ ಆಗಿರಲಿ ಎಂದು ಹೇಳುತ್ತೇನೆ. ಅಂದಚೆಂದ ಎರಡನೆಯ ದೋಣಿಗೆ ಇರಲಿ.

ಒಡಲನ್ನು ಯಾವುದರಿಂದ ಮಾಡಬೇಕೆಂಬ ವಿಷಯದಲ್ಲಿ ಪುಸ್ತಕಗಳು ಬಾಲ್ಸಾ ಮರವನ್ನು ಹೊಗಳುತ್ತವೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಅದನ್ನು ಹುಡುಕುವ ಗೋಜಿಗೆ ಹೋಗಬೇಕಾಗಿಲ್ಲ. ಬಡಗಿಯ ಹತ್ತಿರ ಉಳಿದ 4 ಮಿಲಿಮೀಟರ್ ಮರೈನ್ ಪ್ಲೈ ತುಂಡುಗಳು ಸಾಕು. ಒಳಮೂಲೆಗಳಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಮರದ ಹೊಟ್ಟು ಕಲಸಿ ತುಂಬಿದರೆ ಕೀಲು ಗಟ್ಟಿಯಾಗುತ್ತದೆ. ಥರ್ಮಾಕೋಲ್ ಕೊರೆದು ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ರೆಸಿನ್ ಎಂಬ ಅಂಟುದ್ರವದಿಂದ ಹೊದಿಸುವ ವಿಧಾನವೂ ಸುಲಭವೇ, ಆದರೆ ಕರಾವಳಿಯ ಶಾಲೆಗಳವರು ಇಲ್ಲೊಂದು ಎಚ್ಚರಿಕೆ ವಹಿಸಬೇಕು. ನಮ್ಮ ಕಡೆ ಫೈಬರ್ ದೋಣಿ ಮಾಡುವವರಲ್ಲಿ ಸಾಮಾನ್ಯವಾಗಿ ಸಿಗುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಎಂಬ ದ್ರವ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಕೊರೆದು ಸಿದ್ಧಪಡಿಸಿದ ಆಕಾರ ಕಣ್ಣ ಮುಂದೆಯೇ ಕುಗ್ಗಿಹೋಗುತ್ತದೆ. ಥರ್ಮಾಕೋಲಿಗೆ ಎಪಾಕ್ಸಿಯೇ ಆಗಬೇಕು. ಪಾಲಿಯೆಸ್ಟರ್ ಜೊತೆ ಕೊಡುವ ಗಟ್ಟಿಕಾರಕವನ್ನೂ ವೇಗವರ್ಧಕವನ್ನೂ ನೇರವಾಗಿ ಒಂದರೊಳಗೊಂದು ಬೆರೆಸಿದರೆ ಸ್ಫೋಟವಾಗಬಹುದು, ಆದ್ದರಿಂದ ಆ ಬಾಟಲಿಗಳು ಮಕ್ಕಳ ಕೈಗೆ ಹೋಗಲೇಬಾರದು. ಯಾವ ರೆಸಿನ್ ಆದರೂ ಕೈಗವಸು ಹಾಕಿ, ಬಯಲಿನಲ್ಲಿ, ದೊಡ್ಡವರ ಎದುರಿನಲ್ಲಿಯೇ ಬಳಸಬೇಕು.

ಇಡೀ ದೋಣಿಯಲ್ಲಿ ನಾಜೂಕಾದ ಕೆಲಸವೆಂದರೆ ಶಾಫ್ಟ್ ಕೂರಿಸುವುದು, ಮತ್ತು ಕಿಟ್‌ನ ಮಕ್ಕಳಿಗೆ ಎಂದೂ ಸಿಗದ ಅನುಭವವೂ ಅದೇ. ಒಳಗಿರುವ ಮೋಟರು ಹೊರಗಿರುವ ಪ್ರೊಪೆಲ್ಲರನ್ನು ತಿರುಗಿಸಬೇಕು, ಆದರೆ ನೀರು ಒಳಗೆ ಬರಬಾರದು. ಇದಕ್ಕೆ ಹಿತ್ತಾಳೆಯ ಒಂದು ಕೊಳವೆಯ ಎರಡೂ ತುದಿಗಳಿಗೆ ಸರಳನ್ನು ಹಿಡಿದಿಡುವ ಬಳೆಯಂಥ ಬುಷ್ ಹಾಕಿ, ನಡುವಿನ ಖಾಲಿ ಜಾಗದಲ್ಲಿ ಗ್ರೀಸ್ ತುಂಬಿ, 4 ಮಿಲಿಮೀಟರ್ ಸ್ಟೇನ್‌ಲೆಸ್ ಸರಳನ್ನು ಅದರೊಳಗೆ ಹಾಯಿಸುತ್ತಾರೆ. ಕೊಳವೆಯ ಒಳತುದಿ ನೀರಿನ ಗೆರೆಗಿಂತ ಮೇಲಿರುವಂತೆ ಓರೆಯಾಗಿ ಕೂರಿಸಿದರೆ ಗ್ರೀಸ್ ಸವೆದಾಗಲೂ ನೀರು ಒಳಕ್ಕೆ ಹರಿಯುವುದಿಲ್ಲ. ಓರೆ ತೀರ ಹೆಚ್ಚಾದರೆ ಪ್ರೊಪೆಲ್ಲರಿನ ಬಲದ ಒಂದು ಭಾಗ ದೋಣಿಯ ಹಿಂಭಾಗವನ್ನು ಎತ್ತುವುದರಲ್ಲಿಯೇ ಕಳೆದುಹೋಗಿ ಮೂತಿ ನೀರಿಗೆ ತಗ್ಗುತ್ತದೆ. ಮೋಟರಿನ ಕಡ್ಡಿಯೂ ಶಾಫ್ಟೂ ಒಂದೇ ನೇರದಲ್ಲಿರಬೇಕು. ಕಣ್ಣಳತೆ ಇಲ್ಲಿ ಸಾಲದು. ಮಾದರಿ ಕಟ್ಟುವವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ: ಎರಡಕ್ಕೂ ಬಿಗಿಯಾಗಿ ಕೂರುವ ಒಂದು ಗಟ್ಟಿ ಲೋಹದ ಕೊಳವೆಯ ತುಂಡನ್ನು ತಾತ್ಕಾಲಿಕವಾಗಿ ನಡುವೆ ಸೇರಿಸಿ, ಮೋಟರು ತಾನಾಗಿ ನೇರಕ್ಕೆ ಬಂದು ನಿಂತ ಸ್ಥಿತಿಯಲ್ಲಿಯೇ ಅದರ ಪೀಠವನ್ನು ಅಂಟಿಸಿಬಿಡುತ್ತಾರೆ. ಅಂಟು ಒಣಗಿದ ಮೇಲೆ ಆ ತುಂಡನ್ನು ತೆಗೆದು ಎರಡನ್ನೂ ಬೆಸೆಯುವ, ಬಾಗಬಲ್ಲ ಕಪ್ಲಿಂಗ್ ಹಾಕಿದರಾಯಿತು. ಬೆರಳಿನಿಂದ ತಿರುಗಿಸಿದಾಗ ಶಾಫ್ಟ್ ಎಲ್ಲಿಯೂ ತಡೆಯದೆ ನಾಲ್ಕು ಸುತ್ತು ಓಡಿ ನಿಂತರೆ ಕೆಲಸ ಸರಿಯಾಗಿದೆ. ಓಡಿದಾಗ ಕಿರ್ರೆಂದು ಸದ್ದು ಬಂದರೆ ಬ್ಯಾಟರಿಯ ಶಕ್ತಿ ನೀರಿಗೆ ಹೋಗುವ ಬದಲು ಬುಷ್ ಬಿಸಿ ಮಾಡಲು ಹೋಗುತ್ತಿದೆ ಎಂದು ಅರ್ಥ. ಪಾಲಿಟೆಕ್ನಿಕ್ಕಿನಲ್ಲಿ ಅಲೈನ್‌ಮೆಂಟ್ ಎಂದು ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದಾಗ ವಿದ್ಯಾರ್ಥಿಗಳ ಮುಖದಲ್ಲಿ ಕಾಣದಿದ್ದ ಬೆಳಕು, ಈ ಒಂದು ಶಾಫ್ಟ್ ಸದ್ದಿಲ್ಲದೆ ತಿರುಗಿದಾಗ ಹದಿಮೂರು ವರ್ಷದ ಹುಡುಗರ ಮುಖದಲ್ಲಿ ಕಂಡಿದ್ದೇನೆ.

ಮೋಟರಿಗೆ ದೊಡ್ಡ ಖರ್ಚು ಬೇಡ. ಕೆಟ್ಟುಹೋದ ಬ್ಯಾಟರಿ ಡ್ರಿಲ್ ಮಷೀನಿನೊಳಗಿನ ಮೋಟರು ಚೆನ್ನಾಗಿಯೇ ಇರುತ್ತದೆ, ಅದು ಈ ಕೆಲಸಕ್ಕೆ ಸಾಕಾಗುತ್ತದೆ. ಮಿಕ್ಸಿಯ ಮೋಟರು 230 ವೋಲ್ಟಿನದು, ಅದನ್ನು ಮುಟ್ಟಬಾರದು. ಎನ್‌ಸಿಇಆರ್‌ಟಿಯವರು 2022ರ ಪರಿಷ್ಕರಣೆಯಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿದ್ಯುತ್ ಮೋಟರಿನ ಪಾಠವನ್ನೇ ಕೈಬಿಟ್ಟದ್ದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ವಿದ್ಯುತ್ ಸ್ಕೂಟರುಗಳು ಬೀದಿ ತುಂಬಿರುವ ಕಾಲದಲ್ಲಿ ತೆಗೆಯಬೇಕಾದ ಪಾಠವೇ ಅದು? ಪುಸ್ತಕದಲ್ಲಿ ಇಲ್ಲದಿದ್ದರೆ ಹೋಗಲಿ, ಮಕ್ಕಳು ಹಳೆಯ ಮೋಟರನ್ನು ಬಿಚ್ಚಿ ಬ್ರಷ್, ಸುರುಳಿ, ಅಯಸ್ಕಾಂತಗಳನ್ನು ಕೈಯಿಂದಲೇ ಮುಟ್ಟಿ ನೋಡಲಿ.

ಪ್ರೊಪೆಲ್ಲರ್ ಆಯ್ಕೆಯಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ದೋಣಿ ನಿಧಾನವೆನಿಸಿದಾಗ ದೊಡ್ಡ ಪ್ರೊಪೆಲ್ಲರ್ ಹಾಕುವುದು ಸಹಜ. ಆದರೆ ಒಂದೇ ಆಕಾರದ ಪ್ರೊಪೆಲ್ಲರನ್ನು ಅದೇ ವೇಗದಲ್ಲಿ ತಿರುಗಿಸಲು ಬೇಕಾಗುವ ಶಕ್ತಿ ವ್ಯಾಸದ ಐದನೆಯ ಘಾತದಂತೆ ಏರುತ್ತದೆ. 35 ಮಿಲಿಮೀಟರಿನ ಬದಲು 45 ಮಿಲಿಮೀಟರಿನದನ್ನು ಹಾಕಿದರೆ ಮೋಟರಿನ ಮೇಲಿನ ಹೊರೆ ಸುಮಾರು ಮೂರೂವರೆ ಪಟ್ಟಾಗುತ್ತದೆ. ಮೋಟರು ಅಷ್ಟು ಹೊರಲಾರದೆ ನಿಧಾನವಾಗುತ್ತದೆ, ಬಿಸಿಯೇರುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ.

ವೇಗದ ಹುಚ್ಚಿಗೆ ಇನ್ನೊಂದು ಉತ್ತರವೂ ಇದೆ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತಾನೇ ಎಬ್ಬಿಸಿದ ಅಲೆಯ ಬಂಧನದಲ್ಲಿ ಸಿಲುಕಿರುತ್ತದೆ. 60 ಸೆಂಟಿಮೀಟರ್ ದೋಣಿಗೆ ಸಹಜವಾದ ಮಿತಿ ಸೆಕೆಂಡಿಗೆ ಹೆಚ್ಚುಕಡಿಮೆ 1 ಮೀಟರ್, ಅಂದರೆ ಗಂಟೆಗೆ ಮೂರೂವರೆ ಕಿಲೋಮೀಟರ್, ನಿಧಾನವಾಗಿ ನಡೆಯುವವನ ವೇಗ. ಅದರಾಚೆಗೆ ಎಷ್ಟು ಶಕ್ತಿ ಸುರಿದರೂ ದೊಡ್ಡ ಅಲೆ ಏಳುತ್ತದೆಯೇ ಹೊರತು ದೋಣಿ ಅಷ್ಟಾಗಿ ಮುಂದೆ ಹೋಗುವುದಿಲ್ಲ. ಮಾದರಿಯ ವೇಗಕ್ಕೂ ನಿಜವಾದ ಹಡಗಿನ ವೇಗಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದವರು ಇಂಗ್ಲೆಂಡಿನ ವಿಲಿಯಂ ಫ್ರೌಡ್. 1872ರಲ್ಲಿ ಟಾರ್ಕಿಯಲ್ಲಿ ತಮ್ಮ ಮನೆಯ ಬಳಿಯೇ ಉದ್ದನೆಯ ತೊಟ್ಟಿ ಕಟ್ಟಿಸಿ ಅವರು ಮಾದರಿಗಳನ್ನು ಎಳೆದು ನೋಡಿದರು. ಅವರ ನಿಯಮದ ಪ್ರಕಾರ 15 ಮೀಟರ್ ಉದ್ದದ ಮೀನುಗಾರಿಕೆ ಬೋಟನ್ನು 25ರಲ್ಲಿ ಒಂದು ಪಾಲಿಗೆ ಇಳಿಸಿ ಮಾದರಿ ಮಾಡಿದರೆ, ಅದು ಓಡಬೇಕಾದದ್ದು ಬೋಟಿನ ವೇಗದ 25ರಲ್ಲಿ ಒಂದು ಪಾಲಿನಲ್ಲಲ್ಲ, ಐದರಲ್ಲಿ ಒಂದು ಪಾಲಿನಲ್ಲಿ. ಆಗ ಮಾತ್ರ ಮೂತಿಯ ಎರಡೂ ಬದಿಗೆ ಏಳುವ ಅಲೆ, ಮಲ್ಪೆ, ಗಂಗೊಳ್ಳಿಯ ಅಳಿವೆ ದಾಟುವ ಬೋಟುಗಳು ಎಬ್ಬಿಸುವ ಅಲೆಯಂತೆಯೇ ಕಾಣುತ್ತದೆ. ವರ್ಗಮೂಲ ಏಕೆ ಕಲಿಯಬೇಕು ಸಾರ್ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ರೇಡಿಯೊ ಭಾಗದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಈಗಿನ ರಿಮೋಟ್‌ಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ನಿಗದಿತ ಶಕ್ತಿಯ ಮಿತಿಯೊಳಗೆ ನಮ್ಮ ದೇಶದಲ್ಲಿ 2005ರಿಂದ ಪರವಾನಗಿ ಬೇಕಾಗಿಲ್ಲ. ರಿಸೀವರ್ ಸರ್ವೋಗೆ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಸಣ್ಣ ವಿದ್ಯುತ್ ಮಿಡಿತ ಕಳುಹಿಸುತ್ತದೆ, ಅದು 1.5 ಮಿಲಿಸೆಕೆಂಡ್ ಇದ್ದರೆ ಚುಕ್ಕಾಣಿ ನಡುವಿನಲ್ಲಿ, 1ರತ್ತ ಇಳಿದರೆ ಒಂದು ಬದಿಗೆ, 2ರತ್ತ ಏರಿದರೆ ಇನ್ನೊಂದು ಬದಿಗೆ. ಈ ಅಲೆಗಳನ್ನು ನೀರು ಹೀರಿಬಿಡುವುದರಿಂದ ಆಂಟೆನಾ ನೀರಿನ ಗೆರೆಗಿಂತ ಸಾಕಷ್ಟು ಮೇಲೆ ನೆಟ್ಟಗೆ ನಿಂತಿರಬೇಕು. ರಿಸೀವರನ್ನು ಬಲೂನಿನೊಳಗೆ ಹಾಕಿ ಬಾಯಿ ಕಟ್ಟುವ ಹಳೆಯ ಕ್ರಮ ಇಂದಿಗೂ ಸೊಗಸಾಗಿ ಕೆಲಸ ಮಾಡುತ್ತದೆ. ಮರೆಯಲೇಬಾರದ ಒಂದು ಕೆಲಸವೆಂದರೆ ಸಂಕೇತ ತಪ್ಪಿದಾಗ ಮೋಟರು ತಾನಾಗಿ ನಿಲ್ಲುವಂತೆ ರಿಸೀವರಿನಲ್ಲಿ ಹೊಂದಿಸಿಡುವುದು, ಮತ್ತು ದೋಣಿಯನ್ನು ನೀರಿಗಿಳಿಸುವ ಮುನ್ನ ರಿಮೋಟ್ ಆಫ್ ಮಾಡಿ ಅದು ನಿಜಕ್ಕೂ ನಿಲ್ಲುತ್ತದೆಯೇ ಎಂದು ದಡದಲ್ಲಿಯೇ ಪರೀಕ್ಷಿಸುವುದು.

ಬ್ಯಾಟರಿಯ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ನಿಲುವು. ಡ್ರೋನ್‌ಗಳಲ್ಲಿ ಬಳಸುವ ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರ, ಶಕ್ತಿಶಾಲಿ, ಮತ್ತು ಚುಚ್ಚಿದರೆ ಅಥವಾ ಮಿತಿಮೀರಿ ಚಾರ್ಜ್ ಮಾಡಿದರೆ ಹೊತ್ತಿ ಉರಿಯುವಂಥದ್ದು. ಡ್ರೋನ್‌ಗೆ ಬೇರೆ ದಾರಿಯಿಲ್ಲ. ದೋಣಿಗೆ ಇದೆ. ನೆಟ್ಟಗೆ ನಿಲ್ಲಲು ಅದರ ತಳದಲ್ಲಿ ಒಂದಿಷ್ಟು ಭಾರ ಹೇಗೂ ಬೇಕು. ಆ ಭಾರ ಬ್ಯಾಟರಿಯದೇ ಆಗಿದ್ದರೆ ಒಳ್ಳೆಯದೇ. ಆರು ಕೋಶಗಳ, 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಶಾಲೆಗೆ ಸಾಕು. ಅದಕ್ಕೆ ತಕ್ಕ ಫ್ಯೂಸ್ ಒಂದಿರಲಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ, ದೋಣಿಯನ್ನು ಬಿಡುವ ಜಾಗ. ನಮ್ಮ ಜಿಲ್ಲೆಯ ಕೆಂಪುಕಲ್ಲಿನ ಕ್ವಾರಿ ಹೊಂಡಗಳಲ್ಲಿ ಮಳೆಗಾಲದ ನೀರು ನಿಂತು ಮಕ್ಕಳು ಮುಳುಗಿದ ಸುದ್ದಿಯನ್ನು ತಾವೇ ಪ್ರಕಟಿಸಿದ್ದೀರಿ. ಬಯಲುಸೀಮೆಯ ಕೃಷಿ ಹೊಂಡಗಳದ್ದೂ ಇದೇ ಕಥೆ. ಪ್ಲಾಸ್ಟಿಕ್ ಹಾಳೆ ಹಾಸಿದ ಅದರ ಇಳಿಜಾರಿನಲ್ಲಿ ಜಾರಿದ ದೊಡ್ಡವರಿಗೂ ಮೇಲೇರಲು ಹಿಡಿತ ಸಿಗುವುದಿಲ್ಲ. ನಡುನೀರಿನಲ್ಲಿ ನಿಂತುಹೋದ ದೋಣಿಯನ್ನು ತರಲು ಯಾವ ಮಗುವೂ ನೀರಿಗಿಳಿಯಬಾರದು. ಇಳಿಯುವ ಆಸೆ ಮಾತ್ರ ಎಲ್ಲ ಮಕ್ಕಳಿಗೂ ಬರುತ್ತದೆ. ಹೊಳೆಯೂ ಬೇಡ: ಇಳಿತದ ಸೆಳೆತ ಗಂಟೆಗೆ ಮೂರೂವರೆ ಕಿಲೋಮೀಟರ್ ಓಡುವ ದೋಣಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಉಪ್ಪುನೀರು ಒಂದೇ ದಿನದಲ್ಲಿ ಮೋಟರಿನ ಒಳಭಾಗವನ್ನು ತಿನ್ನತೊಡಗುತ್ತದೆ. ಹಕ್ಕಿಗಳು ಗೂಡು ಕಟ್ಟುವ ಕೆರೆಗಳಂತೂ ಬೇಡವೇ ಬೇಡ.

ಶಾಲೆಯ ಅಂಗಳದಲ್ಲಿಯೇ ತೊಟ್ಟಿ ಮಾಡಬಹುದು. 6 ಮೀಟರ್ ಉದ್ದ, 3 ಮೀಟರ್ ಅಗಲಕ್ಕೆ ಸಿಮೆಂಟ್ ಬ್ಲಾಕ್‌ಗಳನ್ನು ಗಾರೆಯಿಲ್ಲದೆ ಎರಡು ಸಾಲು ಎತ್ತರಕ್ಕೆ ಜೋಡಿಸಿ, ಒಳಗೆ ದಪ್ಪ ಸಿಲ್ಪಾಲಿನ್ ಹಾಳೆ ಹಾಸಿ, 30 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಆಗುವುದು 5,400 ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್. ನೀರು ಮೊಣಕಾಲಿಗಿಂತ ಕೆಳಗಿರುತ್ತದೆ. ಹಾಗೆಂದು ದೊಡ್ಡವರಿಲ್ಲದಾಗ ಅದನ್ನೂ ತುಂಬಿಸಿ ಬಿಡಬಾರದು. ಪುಟ್ಟ ಮಕ್ಕಳಿರುವ ಶಾಲೆಯಲ್ಲಿ ಅಷ್ಟು ಆಳವೂ ಅಪಾಯವೇ. ಕಾರ್ಯಕ್ರಮ ಮುಗಿದೊಡನೆ ನೀರನ್ನು ಶಾಲೆಯ ಕೈತೋಟಕ್ಕೆ ಬಿಟ್ಟು ಹಾಳೆ ಮಡಚಿಟ್ಟರೆ ಸೊಳ್ಳೆಯ ಕಾಟವೂ ಇರುವುದಿಲ್ಲ. ಪ್ರತಿ ಶಾಲೆಗೂ ಒಂದು ಬೇಕೆಂದಿಲ್ಲ, ತಾಲ್ಲೂಕಿಗೆ ಒಂದು ಸೆಟ್ ಇದ್ದು ಶಾಲೆಯಿಂದ ಶಾಲೆಗೆ ಸಾಗಿದರೂ ನಡೆಯುತ್ತದೆ.

ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಪ್ಲೈವುಡ್ ಕೊಯ್ಯುವುದೇ ಎಂದು ಕೆಲವು ಪೋಷಕರು ಕೇಳಬಹುದು. ನೆರೆಯ ಕೇರಳದ ವೈಕಂನಲ್ಲಿ 2017ರಿಂದ ಸೌರಶಕ್ತಿಯ ಪ್ರಯಾಣಿಕರ ದೋಣಿ ಓಡುತ್ತಿದೆ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ಜಲ ಮೆಟ್ರೊದ ದೋಣಿಗಳು ಬ್ಯಾಟರಿಯಲ್ಲಿ ನಡೆಯುತ್ತವೆ, ಅವನ್ನು ಕಟ್ಟಿದ್ದು ಕೊಚ್ಚಿನ್ ಶಿಪ್‌ಯಾರ್ಡ್. ಅದೇ ಸಂಸ್ಥೆಯ ಅಂಗವಾದ ಹಡಗುಕಟ್ಟೆ ನಮ್ಮ ಮಲ್ಪೆಯಲ್ಲಿಯೇ ಇದೆ. ಅಲ್ಲಿನ ಕೆಲಸಕ್ಕೆ ಹೋಗಬಯಸುವ ನಮ್ಮ ಊರಿನ ಮಕ್ಕಳಿಗೆ ಮೊದಲ ದೋಣಿಯನ್ನು ಕಟ್ಟುವ ಅವಕಾಶ ಹೈಸ್ಕೂಲಿನಲ್ಲಿಯೇ ಸಿಕ್ಕರೆ ಏನು ನಷ್ಟ? ಆಟಿಕೆಗಳ ಮೇಲಿನ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದ್ದು ಇಲ್ಲಿಯೇ ತಯಾರಾಗಲಿ ಎಂಬ ಉದ್ದೇಶದಿಂದ. ತಯಾರಿಸಬಲ್ಲ ಕೈಗಳನ್ನು ಸುಂಕ ಹುಟ್ಟಿಸುವುದಿಲ್ಲ.

ಹೊರೆ ಶಿಕ್ಷಕರ ಮೇಲೆಯೇ ಬೀಳುತ್ತದೆ ಎಂಬ ಆಕ್ಷೇಪವನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಗಳ ನಡುವೆ ವಿಜ್ಞಾನ ಶಿಕ್ಷಕರೊಬ್ಬರೇ ಇದನ್ನು ಮಾಡಲಾರರು. ಆದರೆ ಪ್ರತಿ ತಾಲ್ಲೂಕಿನ ಸುತ್ತಮುತ್ತ ಒಂದು ಐಟಿಐ ಅಥವಾ ಪಾಲಿಟೆಕ್ನಿಕ್ ಇದೆ, ನನ್ನಂಥ ನಿವೃತ್ತರಿದ್ದಾರೆ, ಕರಾವಳಿಯಲ್ಲಾದರೆ ತಲೆಮಾರುಗಳಿಂದ ದೋಣಿ ಕಟ್ಟುತ್ತ ಬಂದ ಮೇಸ್ತ್ರಿಗಳಿದ್ದಾರೆ. ಒಡಲು ಎಲ್ಲಿ ಉಬ್ಬಬೇಕು, ಎಲ್ಲಿ ಕಿರಿದಾಗಬೇಕು ಎಂಬುದನ್ನು ಕಾಗದವಿಲ್ಲದೆ ಬಲ್ಲ ಆ ಹಿರಿಯರನ್ನು ಶಾಲೆಗೆ ಕರೆಸಿ ಗೌರವಧನ ಕೊಡಲು ಪ್ರಯೋಗಾಲಯದ ನಿರ್ವಹಣಾ ಅನುದಾನದಲ್ಲಿ ಅವಕಾಶ ಮಾಡಿಕೊಡಬೇಕು. ನೌಕಾ ಎನ್‌ಸಿಸಿಯ ಕೆಡೆಟ್‌ಗಳಿಗೆ ನೌ ಸೈನಿಕ್ ಶಿಬಿರದಲ್ಲಿ ಹಡಗಿನ ಮಾದರಿ ತಯಾರಿಕೆಯ ಸ್ಪರ್ಧೆಯೇ ಇರುವುದರಿಂದ ಅವರ ತರಬೇತುದಾರರ ನೆರವನ್ನೂ ಕೇಳಬಹುದು.

ಸ್ಪರ್ಧೆ ನಡೆಸುವುದಾದರೆ ವೇಗಕ್ಕೆ ಬಹುಮಾನ ಇಡಬೇಡಿ. ಇಟ್ಟರೆ ದುಬಾರಿ ಮೋಟರು ತಂದವರು ಗೆಲ್ಲುತ್ತಾರೆ. ಯುರೋಪಿನಲ್ಲಿ 1959ರಲ್ಲಿ ಹುಟ್ಟಿದ ನವಿಗ ಎಂಬ ಮಾದರಿ ಹಡಗುಗಳ ಒಕ್ಕೂಟದ ಸ್ಪರ್ಧೆಗಳಲ್ಲಿ ದೋಣಿಯನ್ನು ಬೊಯೆಗಳೆಂಬ ತೇಲುವ ಗುರುತುಗಳ ನಡುವೆ ತಪ್ಪದೆ ನಡೆಸಿ, ದಕ್ಕೆಗೆ ತಂದು ನಿಲ್ಲಿಸುವುದಕ್ಕೂ, ಮಾದರಿಯನ್ನು ಕಟ್ಟಿದ ರೀತಿಗೂ ಅಂಕಗಳಿರುವ ವಿಭಾಗಗಳಿವೆ. ನಮ್ಮಲ್ಲಿಯೂ ಅದನ್ನು ಅನುಸರಿಸಬಹುದು. ತೊಟ್ಟಿಯಲ್ಲಿ ನಾಲ್ಕು ಬಣ್ಣದ ಚೆಂಡುಗಳನ್ನು ಕಟ್ಟಿ ಎಂಟರ ಆಕಾರದಲ್ಲಿ ದೋಣಿ ನಡೆಸಲಿ, ಅರ್ಧ ಕಿಲೋ ಮರಳು ಹೊತ್ತು ಆಚೆ ದಡಕ್ಕೆ ಮುಟ್ಟಿಸಲಿ, ಹತ್ತು ನಿಮಿಷ ಓಡಿದ ಮೇಲೆ ಒಡಲಿನೊಳಗಿನ ನೀರನ್ನು ಸ್ಪಂಜಿನಲ್ಲಿ ಹೀರಿ ಅಳೆಯಲಿ. ಒಡಲನ್ನು ಕೊಂಡು ತಂದ ತಂಡಕ್ಕೆ ಪ್ರವೇಶವಿಲ್ಲವೆಂಬ ಒಂದು ನಿಯಮ ಸಾಕು. ಜಿಲ್ಲಾ ಮಟ್ಟದ ವಿಜ್ಞಾನ ಮೇಳದ ಮುಂದಿನ ಸುತ್ತೋಲೆಯಲ್ಲಿ ಈ ವಿಭಾಗವನ್ನು ಸೇರಿಸಬೇಕೆಂದು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಸುತ್ತೋಲೆ ಜೂನ್ ತಿಂಗಳಲ್ಲಿಯೇ ಹೊರಟರೆ ಮಳೆಗಾಲದಲ್ಲಿ ಮಕ್ಕಳು ಒಳಗೆ ಕುಳಿತು ಒಡಲು ಕಟ್ಟಿ ಮುಗಿಸಬಹುದು, ಮಳೆ ನಿಂತ ಮೇಲೆ ನೀರಿಗಿಳಿಸಬಹುದು.

ಇತಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ,
ಕುಂದಾಪುರ